ಆಕ್ಸಿಜನ್ ಪೆಟ್ಟಿಗೆಯ ಪಕ್ಕ ಕೂತ ಡಾಕ್ಟರಮ್ಮ

"ಡಾಕ್ಟರಮ್ಮ ಹೋಗ್ಬುಟ್ರು ಕಣಮ್ಮ" ಎಂದು ಅಣ್ಣ ಕಲ್ಯಾಣದುರ್ಗದಿಂದ ಫೋನ್ ಮಾಡಿದಾಗ ನಾನು ಗ್ಯಾಸ್ ಒಲೆ ಹಚ್ಚಲು ಕಡ್ಡಿ ಗೀರಿದ್ದೆ. ಲೈಟರ್ ಕೆಟ್ಟಿತ್ತು. ಆ ಕಡ್ಡಿಯನ್ನು ಊದಿ ಆರಿಸಿ, ನೀರಿನಲ್ಲಿ ಅದ್ದಿ, ಆಮೇಲೆ ಕೂತೆ. ಕಡ್ಡಿಯನ್ನು ನೀರಿಗೆ ಅದ್ದುವ ಈ ಚಾಳಿ ಅಂಟಿಕೊಂಡು ಕೆಲವು ವರ್ಷಗಳಾದವು. ಮನೆಯವರು ನಗುತ್ತಾರೆ. ನಾನು ಹಿಂದೂಪುರದ ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಡುವವಳು. ನಡೆದುಹೋದ ಯುದ್ಧಗಳ ಬಗ್ಗೆ ತಣ್ಣಗೆ ಮಾತಾಡುತ್ತೇನೆ. ನಡೆಯದೇ ಹೋದ ಒಂದು ಸಂಗತಿಯನ್ನು ಮಾತ್ರ ಮನಸ್ಸು ಇಂದಿಗೂ ಮತ್ತೆ ಮತ್ತೆ ನಡೆಸಿ ನೋಡುತ್ತದೆ. ಅದು ನಡೆಯದಂತೆ ತಡೆದವರು ಈ ಡಾಕ್ಟರಮ್ಮ.

ಅವರು ನಮ್ಮ ಬೀದಿಯಲ್ಲಿ ನಾಲ್ಕು ಬಾಗಿಲು ಆಚೆಗೆ ಇದ್ದರು. ಕಲ್ಯಾಣದುರ್ಗದ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ಕಾಲ ಸರ್ಜನ್ ಆಗಿದ್ದು, ನಿವೃತ್ತಿಯಾದ ಮೇಲೆ ಹಿಂದೂಪುರಕ್ಕೆ ಬಂದವರು. ಕೊನೆಗಾಲಕ್ಕೆ ಮತ್ತೆ ಕಲ್ಯಾಣದುರ್ಗಕ್ಕೇ ಹೋಗಿದ್ದರು. ಎತ್ತರದ ಆಳು, ಕಂಚಿನ ಕಂಠ, ಗಂಡಸರು ಕಟ್ಟುವ ದೊಡ್ಡ ಕೈಗಡಿಯಾರ. ಕಂಬದೂರಿನ ಕುರಿಗಾಹಿಗಳ ಹತ್ತಿರ ಅವರ ಮಾತಿನಲ್ಲೇ ಮಾತಾಡುತ್ತಿದ್ದರು. ತೆಲುಗಿನವರು ಬಂದರೆ ಅದೇ ಉಸಿರಿನಲ್ಲಿ ತೆಲುಗು. ದೇವರು ದಿಂಡರು ಎಂದು ಅವರು ಹೋದದ್ದನ್ನು ನಾನು ಕಂಡಿರಲಿಲ್ಲ. ಹಬ್ಬಕ್ಕೆ ಹೋಳಿಗೆ ಕೊಟ್ಟರೆ ತಿನ್ನುತ್ತಿದ್ದರು, ಕುಂಕುಮ ಕೊಟ್ಟರೆ ತೆಗೆದುಕೊಂಡು ಮೇಜಿನ ಮೇಲಿಡುತ್ತಿದ್ದರು, ಅಷ್ಟೇ.

ಯಾರೇ ಏನೇ ಔಷಧದ ಬಗ್ಗೆ ಹೊಗಳಿ ಹೇಳಲಿ, ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಪ್ರಶ್ನೆ: "ಎಣಿಸಿದೋರು ಯಾರು?"

ಒಮ್ಮೆ ಎದುರುಮನೆಯ ಅಜ್ಜಿ, "ಹಾಗಲಕಾಯಿ ರಸ ಕುಡ್ದು ನಮ್ ಬೀಗ್ರಿಗೆ ಶುಗರ್ರೇ ಹೊಂಟೋಯ್ತು ಕಣಮ್ಮ" ಎಂದಳು. ಡಾಕ್ಟರಮ್ಮ ಬಹಳ ಗಂಭೀರವಾಗಿ, "ಕುಡಿದೋರು ಎಷ್ಟು ಜನ ಅಜ್ಜಿ? ಕುಡಿದೂ ಹೋಗದೆ ಇದ್ದೋರು ಎಷ್ಟು? ಕುಡೀದೇನೇ ಹೋದೋರು ಎಷ್ಟು?" ಎಂದು ಕೇಳಿದರು. ಅಜ್ಜಿ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಬೀಗ್ರು ಇದ್ದಿದ್ದೇ ಒಬ್ರು, ನಿನಗೆ ಎಷ್ಟ್ ಜನ ಬೀಗ್ರು ತಂದ್ಕೊಡ್ಲಿ ತಾಯಿ?" ಎಂದಳು. ಆ ಮಾತಿಗೆ ಡಾಕ್ಟರಮ್ಮ ಒಂದು ವಾರ ನಕ್ಕರು. ತಮ್ಮನ್ನು ಗೇಲಿ ಮಾಡಿದವರನ್ನು ಅವರು ಹುಡುಕಿಕೊಂಡು ಹೋಗಿ ಮಾತಾಡಿಸುತ್ತಿದ್ದರು.

ಅವರ ಇನ್ನೊಂದು ಮಾತು "ಗೊತ್ತಿಲ್ಲ." ಇದನ್ನು ಅವರು ಸೋತವರಂತೆ ಹೇಳುತ್ತಿರಲಿಲ್ಲ. ಅಕ್ಕಿ ತೂಗಿ ಕೊಡುವವನು "ಇಷ್ಟೇ ಇದೆ" ಎನ್ನುವಂತೆ ಹೇಳುತ್ತಿದ್ದರು. ಅಂಥವರ ಮುಂದೆ ನನ್ನ ಅಣ್ಣನ ಕಾಲು ಬಂದು ನಿಂತಿತು.

ಅಣ್ಣನದು ಕಲ್ಯಾಣದುರ್ಗದ ಸಗಟು ಮಂಡಿಯಲ್ಲಿ ಕಡ್ಲೆಕಾಯಿ ವ್ಯಾಪಾರ. ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳ ಬುಡದಲ್ಲಿ ಆದ ಗಾಯ ಅವನಿಗೆ ಗೊತ್ತೇ ಆಗಲಿಲ್ಲ. ಪಾದದಲ್ಲಿ ಸ್ಪರ್ಶವೇ ಇರಲಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲ್ಚೀಲ ಒದ್ದೆ, ಕೋಣೆಯೆಲ್ಲ ನಾತ. ದೊಡ್ಡಾಸ್ಪತ್ರೆಯವರು ನೋಡಿ, ಪಾದದ ಮುಂಭಾಗ, ಮುಂಗಾಲನ್ನೇ ತೆಗೆಯಬೇಕಾದೀತು ಎಂದರು. ಅಣ್ಣ ಅಲ್ಲಿಂದ ಎದ್ದು ಬಂದ. "ಮೂಟೆ ಮೇಲೆ ಹತ್ತೋ ಕಾಲು ಕಣಮ್ಮ ಇದು. ಇದಿಲ್ದೆ ಮಂಡೀಲಿ ನಾನು ಯಾರು?" ಎಂದ.

ಆಗ ಯಾರೋ ಒಂದು ಕರಪತ್ರ ತಂದುಕೊಟ್ಟರು. ಹಿಂದೂಪುರದಲ್ಲೇ ಹೊಸದಾಗಿ ಆಕ್ಸಿಜನ್ ಚಿಕಿತ್ಸೆಯ ಕೇಂದ್ರ ತೆರೆದಿತ್ತು. ಒಬ್ಬ ಮನುಷ್ಯ ಒರಗಿ ಕೂರುವಷ್ಟು ದೊಡ್ಡ ಪಾರದರ್ಶಕ ಪೆಟ್ಟಿಗೆ. ಅದರೊಳಗೆ ಒತ್ತಡ ಹೆಚ್ಚಿಸಿ ಶುದ್ಧ ಆಕ್ಸಿಜನ್ ತುಂಬುತ್ತಾರೆ. ರಕ್ತದಲ್ಲಿ ಅದು ಹೆಚ್ಚು ಬೆರೆತು ಗಾಯಕ್ಕೆ ತಲುಪುತ್ತದೆ ಎಂಬ ಲೆಕ್ಕ. ಕರಪತ್ರದಲ್ಲಿ ಗಾಯದ ಜೊತೆಗೆ ಲಕ್ವ, ಮಕ್ಕಳ ಬೆಳವಣಿಗೆಯ ತೊಂದರೆ, ಮುಖದ ಸುಕ್ಕು, ಕೂದಲು ಉದುರುವುದು, ಎಲ್ಲವೂ ಇತ್ತು. ಅಣ್ಣ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಡಾಕ್ಟರಮ್ಮನ ಜಗಲಿಯಲ್ಲಿ ಕೂತ.

"ಇದು ನಿಜವಾ ಡಾಕ್ಟರಮ್ಮ?"

"ಗೊತ್ತಿಲ್ಲ ಸಾವ್ಕಾರ್ರೆ. ನೋಡ್ತೀನಿ. ಅಲ್ಲೀವರೆಗೂ ಆ ಕಾಲು ನೆಲಕ್ಕೆ ಊರಬೇಡಿ."

ಅವತ್ತಿನಿಂದ ಅವರು ಓದಲು ಕೂತರು. ವೈದ್ಯಕೀಯ ಪ್ರಯೋಗಗಳ ವರದಿಗಳನ್ನು ಅಚ್ಚು ಹಾಕಿಸಿ ತರುತ್ತಿದ್ದವಳು ನಾನು. ಅವರು ಓದುವ ಕ್ರಮವೇ ಬೇರೆ. ನಾನಾದರೆ ಕೊನೆಯ ಪುಟಕ್ಕೆ ಹಾರಿ ತೀರ್ಮಾನ ನೋಡುತ್ತಿದ್ದೆ. ಅವರು ಅದನ್ನು ಬೇರೆ ಹಾಳೆಯಿಂದ ಮುಚ್ಚಿ, ನಡುವಿನ ಭಾಗ ಓದುತ್ತಿದ್ದರು. ಯಾರನ್ನು ಆರಿಸಿದರು, ಯಾರನ್ನು ಬಿಟ್ಟರು, ಅರ್ಧಕ್ಕೇ ಎದ್ದುಹೋದವರು ಎಷ್ಟು, ಗಾಯ ಅಳೆದವನಿಗೆ ಯಾವ ರೋಗಿ ಯಾವ ಗುಂಪಿನವನೆಂದು ಮೊದಲೇ ಗೊತ್ತಿತ್ತೇ? ಇದನ್ನೆಲ್ಲ ನೋಡಿ, ತೀರ್ಮಾನ ಏನಿರಬೇಕೆಂದು ತಾವೇ ಹೇಳಿ, ಆಮೇಲೆ ಹಾಳೆ ಸರಿಸುತ್ತಿದ್ದರು. ಎರಡೂ ಕೂಡಿಬಂದರೆ "ಹ್ಞೂ" ಎನ್ನುತ್ತಿದ್ದರು. ಬಾರದಿದ್ದರೆ "ಇವನು ಹೊಟ್ಟೆ ತುಂಬಾ ಆಸೆ ಇಟ್ಕೊಂಡು ಬರ್ದಿದಾನೆ" ಎನ್ನುತ್ತಿದ್ದರು.

ಮಕ್ಕಳ ಮೇಲಿನ ಒಂದು ಪ್ರಯೋಗ ಓದಿದ ದಿನ ಕನ್ನಡಕ ತೆಗೆದು ನನ್ನನ್ನು ಕರೆದರು. "ನೋಡಿ ಟೀಚರಮ್ಮ, ಕೆಲವು ಮಕ್ಕಳಿಗೆ ಪೆಟ್ಟಿಗೇಲಿ ಆಕ್ಸಿಜನ್ ಕೊಟ್ಟಿದಾರೆ. ಉಳಿದ ಮಕ್ಕಳಿಗೆ ಅದೇ ಥರ ಪೆಟ್ಟಿಗೇಲಿ ಕೂರಿಸಿ, ಸ್ವಲ್ಪ ಒತ್ತಡ ಹಾಕಿ, ಬರೀ ಗಾಳಿ. ಎರಡೂ ಗುಂಪಿನ ಮಕ್ಕಳು ಒಂದೇ ಸಮ ಸುಧಾರಿಸಿದಾರೆ."

"ಹಾಗಾದ್ರೆ ಯಂತ್ರ ಕೆಲಸ ಮಾಡ್ತಲ್ವಾ?"

"ಗುಂಪು ಒಂದೇ ಇದ್ದಿದ್ರೆ ಹಂಗೇ ಅಂತಿದ್ವಿ. ದಿನಾ ಯಾರೋ ಪಕ್ಕದಲ್ಲಿ ಕೂತು ಆ ಮಕ್ಕಳನ್ನ ಮಾತಾಡಿಸಿದ್ದೇ ಒಳ್ಳೇದು ಮಾಡಿರಬಹುದು. ಇರಬಹುದು ಅಂದೆ, ಇದೆ ಅನ್ನಲಿಲ್ಲ."

ಅಣ್ಣನಿಗೆ ಇದನ್ನೆಲ್ಲ ಹೇಗೆ ಹೇಳುವುದು ಎಂದು ನಾನು ಚಿಂತಿಸುತ್ತಿದ್ದೆ. ಅವರು ನೇರವಾಗಿ ಅವನ ಮಂಡಿಯ ಲೆಕ್ಕಕ್ಕೇ ಹೋದರು. "ಸಾವ್ಕಾರ್ರೆ, ಕಾಯಿ ಕೊಳ್ಳೋವಾಗ ಮೂಟೆಯ ಮೇಲಿನ ಹಿಡಿ ನೋಡ್ತೀರೋ, ಅಡಿಯದೋ?"

"ಮೇಲಿಂದು ನೋಡಿದ್ರೆ ಮನೆ ಮಾರ್ಕೋಬೇಕಾಯ್ತದೆ. ಮೇಲ್ಗಡೆ ಗಟ್ಟಿಕಾಯಿ ಹರವಿರ್ತಾರೆ. ನಾನು ಮೊಣಕೈಗಂಟ ತೂರ್ಸಿ ಅಡೀದು ತೆಗೀತೀನಿ."

"ಈ ಕರಪತ್ರ ಮೇಲಿನ ಹಿಡಿ. ನಾನು ಅಡೀದು ತೆಗೆದು ಸುಲಿದು ನೋಡ್ದೆ. ಸುಕ್ಕು, ಕೂದಲು, ಮಕ್ಕಳದು ಎಲ್ಲಾ ಜೊಳ್ಳು. ಸಮುದ್ರದಲ್ಲಿ ಮುಳುಗು ಹಾಕೋರಿಗೆ ಬರೋ ಒಂದು ಕಾಯಿಲೆಗೆ ಗಟ್ಟಿಕಾಯಿ, ಅನುಮಾನ ಇಲ್ಲ. ನಿಮ್ಮಂಥ ಗಾಯಕ್ಕೆ ಅರೆಬರೆ. ಕೆಲವು ಪ್ರಯೋಗ ಸಹಾಯ ಆಯ್ತು ಅಂತಾವೆ, ಕೆಲವು ಏನೂ ವ್ಯತ್ಯಾಸ ಇಲ್ಲ ಅಂತಾವೆ. ಆಯ್ತು ಅಂದವೂ ಅಷ್ಟು ದೊಡ್ಡವಲ್ಲ."

ಅಣ್ಣ ಕರಪತ್ರವನ್ನು ಮತ್ತೆ ಮಡಚುತ್ತ, "ಅರೆಬರೆ ಕಾಯಿಗೂ ಒಂದು ಬೆಲೆ ಅಂತ ಇರ್ತದಲ್ಲ ಡಾಕ್ಟರಮ್ಮ" ಎಂದ.

"ಇರ್ತದೆ. ಆದ್ರೆ ಮೊದಲು ಗಟ್ಟಿಯಾದ್ದನ್ನೆಲ್ಲ ಮಾಡಿ ಮುಗಿಸನ."

ಮೊದಲು ಕಾಲಿಗೆ ರಕ್ತ ಹರಿಯುತ್ತಿದೆಯೇ ಎಂಬ ಪರೀಕ್ಷೆ ಮಾಡಿಸಿದರು. ಸತ್ತ ಮಾಂಸ ತೆಗೆಸಿದರು. ಅದರ ಜೊತೆ ಒಂದು ಬೆರಳೂ ಹೋಯಿತು. ಗಾಯದ ಮೇಲೆ ಭಾರ ಬೀಳದಂಥ ಪಾದರಕ್ಷೆ ಮಾಡಿಸಿದರು, ಸಕ್ಕರೆ ಹತೋಟಿಗೆ ತಂದರು. ವಾರಗಟ್ಟಲೆ ಡ್ರೆಸಿಂಗ್ ಆಯಿತು. ಗಾಯ ಒಣಗಿತು ಎನ್ನುವಂತೆ ಕಂಡು ಮತ್ತೆ ಅಲ್ಲೇ ನಿಂತಿತು. ಆಗ ಮಾತ್ರ ಕೇಂದ್ರಕ್ಕೆ ಹೋಗೋಣ ಎಂದರು.

ಕೇಂದ್ರದ ಮಾಲೀಕ ಕೆಟ್ಟವನಲ್ಲ. ತನ್ನ ಯಂತ್ರವನ್ನು ಪೂರಾ ನಂಬಿದವನು. ಗೋಡೆಯ ಮೇಲೆ ವಾಸಿಯಾದವರ ಫೋಟೋಗಳನ್ನು ತೋರಿಸಿದ. ಡಾಕ್ಟರಮ್ಮ ಒಂದೊಂದನ್ನೂ ನಿಧಾನಕ್ಕೆ ನೋಡಿ, "ವಾಸಿಯಾಗದವರದು?" ಎಂದರು.

"ಅವ್ರು ಫೋಟೋ ತೆಗೆಸ್ಕೊಳ್ಳೋಕೆ ಬರಲ್ಲ ಮೇಡಂ."

"ನನಗೆ ಬೇಕಾಗಿರೋದು ಅವರೇ ಕಣಪ್ಪ."

ಅವನು ಪೆಚ್ಚಾದ. ಆದರೆ ಮೊದಲ ದಿನ ತಾವು ಯಂತ್ರದ ಪಕ್ಕದಲ್ಲೇ ಕೂರುವುದಾಗಿ ಅವರು ಹೇಳಿದ್ದಕ್ಕೆ ಒಪ್ಪಿದ.

ಆ ದಿನ ಅಣ್ಣ ಕಲ್ಯಾಣದುರ್ಗದಿಂದ ಮೊದಲ ಬಸ್ಸಿಗೇ ಬಂದ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಸ್ನಾನ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಕರ್ಪೂರ ಬೆಳಗಿದ ಮೇಲೆಯೇ ಅಣ್ಣ ಬಾಯಿಗೆ ಏನಾದರೂ ಹಾಕುವುದು. ಆಸ್ಪತ್ರೆಯಲ್ಲಿದ್ದಾಗಲೂ ಬಿಟ್ಟವನಲ್ಲ. ಕೇಂದ್ರದಲ್ಲಿ ಡಾಕ್ಟರಮ್ಮ, "ಪೂಜೆ, ತಿಂಡಿ ಎಲ್ಲಾ ಆಯ್ತಾ ಸಾವ್ಕಾರ್ರೆ?" ಎಂದು ಕೇಳಿದಾಗ "ಆಯ್ತು ಆಯ್ತು" ಎಂದ. ಆಗಿರಲಿಲ್ಲ. ಬಸ್ಸು ತಪ್ಪುತ್ತದೆಂದು ಸ್ನಾನ ಮಾತ್ರ ಮಾಡಿ ಓಡಿಬಂದಿದ್ದ. ತಿಂದಿಲ್ಲ ಎಂದರೆ, ಒಳಗೆ ಸಕ್ಕರೆ ಇಳಿದು ತಲೆ ತಿರುಗೀತೆಂದು ವಾಪಸು ಕಳಿಸುತ್ತಾರೆಂದು ಅವನ ಹೆದರಿಕೆ.

ಚಿಲಮತ್ತೂರಿನ ಕಡೆಯ ನರ್ಸಮ್ಮ ಒಬ್ಬರು ಅಲ್ಲಿದ್ದರು. ಉಂಗುರ, ಗಡಿಯಾರ, ಫೋನು ತೆಗೆಸಿಟ್ಟರು. ತಲೆಗೆ ಎಣ್ಣೆ ಹಚ್ಚಿಲ್ಲವೆಂದು ಖಾತ್ರಿ ಮಾಡಿಕೊಂಡರು. ತೊಟ್ಟಿದ್ದನ್ನೆಲ್ಲ ಬಿಚ್ಚಿಸಿ ಹತ್ತಿಯ ಬಟ್ಟೆ ಹಾಕಿಸಿದರು. ಯಾಕೆಂದು ಅಣ್ಣ ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ. ಅಣ್ಣನ ಎದೆಯ ಮೇಲೆ ಬಿಳಿವಸ್ತ್ರದಲ್ಲಿ ಸುತ್ತಿದ ಗಂಟಿತ್ತು. ನರ್ಸಮ್ಮ ಕೈ ಚಾಚಿದರು. "ಅದು ಲಿಂಗ ಕಣಮ್ಮ, ಮುಟ್ಟಬೇಡ" ಎಂದ ಅಣ್ಣ. ಅವರು ಕೆನ್ನೆ ಬಡಿದುಕೊಂಡು ಹಿಂದೆ ಸರಿದರು. ಒಬ್ಬರ ಮೈಮೇಲಿನ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ನಮ್ಮ ಸೀಮೆಯಲ್ಲಿ ಅದನ್ನು ಯಾರಿಗೂ ಎರಡು ಸಲ ಹೇಳಬೇಕಾಗಿಲ್ಲ. ನಾನೂ ಅಲ್ಲೇ ನಿಂತಿದ್ದೆ. ನನಗೂ ಅದು ಸರಿ ಎಂದೇ ಕಂಡಿತು.

ಬಾಗಿಲು ಮುಚ್ಚಿತು. ಸುಯ್ ಎಂದು ಆಕ್ಸಿಜನ್ ತುಂಬತೊಡಗಿತು. ಕಿವಿ ಕಟ್ಟಿದರೆ ಎಂಜಲು ನುಂಗಿ ಎಂದು ಡಾಕ್ಟರಮ್ಮ ಮೈಕಿನಲ್ಲಿ ಹೇಳುತ್ತಿದ್ದರು. ಅಣ್ಣ ಒಳಗಿಂದ ನಮ್ಮನ್ನು ನೋಡಿ ನಕ್ಕ. ಬೇಕಾದ ಒತ್ತಡ ತಲುಪಿದ ಮೇಲೆ ಎಲ್ಲರೂ ನಿರಾಳವಾದೆವು. ಸ್ವಲ್ಪ ಹೊತ್ತಿಗೆ ಅಣ್ಣ ಒರಗು ಬಿಟ್ಟು ನೆಟ್ಟಗೆ ಕೂತು, ಕೊರಳ ಗಂಟು ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡ. ಕಣ್ಣು ಮುಚ್ಚಿದ. ಪಾಪ, ಕಾಲಿಗಾಗಿ ಬೇಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ನನ್ನ ಕಣ್ಣಲ್ಲೂ ನೀರು ಬಂತು.

ಆಮೇಲೆ ಅವನು ಲಿಂಗವನ್ನು ತೊಡೆಯ ಮೇಲಿನ ವಸ್ತ್ರದಲ್ಲಿ ಇರಿಸಿ, ಅದೇ ಗಂಟಿನಿಂದ ವಿಭೂತಿ ತೆಗೆದ. ರೂಪಾಯಿ ಬಿಲ್ಲೆಯಷ್ಟು ಅಗಲದ ಹಿತ್ತಾಳೆ ಬಟ್ಟಲು ತೆಗೆದ. ಅದರಲ್ಲಿ ಕರ್ಪೂರ ಇಟ್ಟ.

"ಮೇಡಂ, ಅಗ್ಗಿಪೆಟ್ಟೆ!" ಎಂದರು ನರ್ಸಮ್ಮ ತೆಲುಗಿನಲ್ಲಿ, ಉಸಿರೇ ಇಲ್ಲದ ದನಿಯಲ್ಲಿ.

ಬೆಂಕಿಪೊಟ್ಟಣ. ಅದೂ ಅದೇ ಗಂಟಿನಿಂದ ಬಂದು ಅಣ್ಣನ ಕೈಯಲ್ಲಿತ್ತು. ಅವನು ಅದನ್ನು ತೆರೆದು ಒಂದು ಕಡ್ಡಿ ಹೊರತೆಗೆದ.

ಇಲ್ಲಿ ನನ್ನ ಮನಸ್ಸು ಪ್ರತಿ ಸಲವೂ ನಿಲ್ಲುತ್ತದೆ. ಶುದ್ಧ ಆಕ್ಸಿಜನ್, ಅದೂ ಒತ್ತಡದಲ್ಲಿ. ಅಲ್ಲಿ ಒಂದು ಕಿಡಿ ಬಿದ್ದರೆ ಹತ್ತಿ ಬಟ್ಟೆ, ಕೂದಲು, ಚರ್ಮ ಎಲ್ಲವೂ ಒಟ್ಟಿಗೇ ಹೊತ್ತುತ್ತದೆ. ಬಾಗಿಲನ್ನು ತಕ್ಷಣ ತೆರೆಯಲೂ ಆಗುವುದಿಲ್ಲ, ಒತ್ತಡ ಇಳಿಯಲೇಬೇಕು. ನನ್ನ ಬಾಯಿ ತೆರೆಯಿತು. ಕೂಗು ಹೊರಡುವ ಮೊದಲೇ ಡಾಕ್ಟರಮ್ಮನ ಅಂಗೈ ನನ್ನ ಬಾಯಿಯನ್ನು ಮುಚ್ಚಿತ್ತು. ಇನ್ನೊಂದು ಕೈಯಿಂದ ಅವರು ನರ್ಸಮ್ಮನಿಗೆ ಒತ್ತಡ ಇಳಿಸುವಂತೆ ಸನ್ನೆ ಮಾಡಿದರು. ಆಮೇಲೆ ಮೈಕಿಗೆ ಬಾಗಿದರು.

ಪೂಜೆಯ ನಡುವೆ ಯಾರು ಕರೆದರೂ ಅಣ್ಣ ಏಳುವವನಲ್ಲ. ಬೇಡ ಎಂದರೆ ಬೇಗ ಮುಗಿಸಿಬಿಡೋಣ ಎಂದು ಗೀರುವವನೇ. ಕಲ್ಯಾಣದುರ್ಗದಲ್ಲಿ ಅಷ್ಟು ಕಾಲ ಬಾಳಿದ ಡಾಕ್ಟರಮ್ಮನಿಗೆ ಅದು ಗೊತ್ತಿತ್ತು. ಅವರು ಬೇಡ ಎನ್ನಲಿಲ್ಲ. ಜಗಲಿಯಲ್ಲಿ ಮಾತಾಡುವಷ್ಟೇ ಮೆತ್ತಗೆ ಹೇಳಿದರು:

"ಸಾವ್ಕಾರ್ರೆ, ಮಂಗಳಾರತಿ ಸ್ವಲ್ಪ ತಡೀರಿ. ನಾನೂ ಕಣ್ಣಿಗೆ ಒತ್ಕೋಬೇಕು. ನಾನು ಬಾಗಿಲು ತೆಗೆಸ್ಕೊಂಡು ಬತ್ತೀನಿ, ಅಲ್ಲೀಗಂಟ ಬೆಳಗಬೇಡಿ."

ಅಣ್ಣ ತಲೆ ಎತ್ತಿದ. ಕಡ್ಡಿ ಪೊಟ್ಟಣದ ಮಗ್ಗುಲಿಗೆ ಮುಟ್ಟಿಕೊಂಡೇ ಇತ್ತು. ಪೂಜೆಯಲ್ಲಿ ಮಾತಾಡಬಾರದು, ಆದ್ದರಿಂದ ತಲೆಯಾಡಿಸಿದ. ಆರತಿ ಬೇಕು ಎಂದು ಕೇಳಿದವರನ್ನು ಬಿಟ್ಟು ಬೆಳಗುವುದು ಅವನಿಂದ ಆಗದ ಕೆಲಸ.

"ಕಡ್ಡಿ ಒಳಗಿಡಿ, ಕೈ ಬೆವರಿಗೆ ಒದ್ದೆಯಾಯ್ತದೆ. ಪೊಟ್ಟಣಾನೂ ಕೆಳಗಿಡಿ. ಲಿಂಗಯ್ಯನ್ನ ಕೈಗೆ ತಗೊಳ್ಳಿ. ಹ್ಞಾ, ಹಂಗೆ. ನನಗೋಸ್ಕರಾನೂ ಒಂಚೂರು ಬೇಡ್ಕೊಳ್ಳಿ."

ಒತ್ತಡ ಇಳಿಯುವಷ್ಟು ಹೊತ್ತೂ ಅವರು ಮಾತು ನಿಲ್ಲಿಸಲಿಲ್ಲ. ದನಿಯಲ್ಲಿ ಒಂದು ಬಿರುಕಿಲ್ಲ. ಆದರೆ ನನ್ನ ಬಾಯಿಯ ಮೇಲಿದ್ದ ಅಂಗೈ ಮಂಜಿನಂತೆ ತಣ್ಣಗಿತ್ತು. ಅದನ್ನು ತೆಗೆಯಲು ಅವರು ಮರೆತಿದ್ದರು. ಅದನ್ನು ಸರಿಸಲು ನನಗೂ ಧೈರ್ಯವಾಗಲಿಲ್ಲ.

ಬಾಗಿಲು ತೆರೆದದ್ದೇ ಅಣ್ಣನನ್ನು ಹೊರಗೆ ಅಂಗಳಕ್ಕೆ ಕರೆದೊಯ್ದರು. ಬೆಂಕಿಪೊಟ್ಟಣವನ್ನು ತಮ್ಮ ಕೈಗೆ ತೆಗೆದುಕೊಂಡರು. "ಇನ್ನೂ ಬೆಳಗಬೇಡಿ. ಬಟ್ಟೆ ಬದಲಾಯ್ಸಿ, ಗಾಳೀಲಿ ಕೂತ್ಕೊಳ್ಳಿ. ಬಟ್ಟೆ ಒಳಗೂ ಆಕ್ಸಿಜನ್ ನಿಂತಿರ್ತದೆ" ಎಂದರು. ಬೇವಿನ ಮರದ ಕೆಳಗೆ ಅವನು ಬಹಳ ಹೊತ್ತು ಕೂತ. ಆಮೇಲೆ ಅವರೇ ಪೊಟ್ಟಣ ಕೊಟ್ಟರು. ಅಣ್ಣ ಕರ್ಪೂರ ಹಚ್ಚಿ ಬೆಳಗಿದ. ಕೈಮುಗಿದದ್ದನ್ನು ನಾನು ಎಂದೂ ಕಾಣದ ಡಾಕ್ಟರಮ್ಮ ಮುಂದೆ ಬಾಗಿ, ಎರಡೂ ಕೈಯಲ್ಲಿ ಆ ಬಿಸಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆರತಿ ಬೇಕು ಎಂದ ಮಾತು ಸುಳ್ಳಾಗಲು ಬಿಡಲಿಲ್ಲ, ಕೇಳಿದ್ದನ್ನು ಪಡೆದುಕೊಂಡರು. ಹಣೆಗೆ ವಿಭೂತಿಯನ್ನೂ ಇಡಿಸಿಕೊಂಡರು. ಆಮೇಲೆ ಕಲ್ಲುಬೆಂಚಿನ ಮೇಲೆ ಕೂತರು.

ಅಣ್ಣ ಇಡ್ಲಿ ತಿಂದು ಮುಗಿಸುವವರೆಗೂ ಡಾಕ್ಟರಮ್ಮ ಕಾದರು. ಆಮೇಲೆ, ಕಡ್ಡಿ ಗೀರಿದ್ದರೆ ಏನಾಗುತ್ತಿತ್ತು ಎಂದು ಹೇಳಿದರು.

"ಅಂದ್ರೆ ನಾನು ಸುಟ್ಟೋಗ್ತಿದ್ನಾ?"

"ಕೂಗೋಕೂ ಟೈಮ್ ಸಿಗ್ತಿರಲಿಲ್ಲ ಸಾವ್ಕಾರ್ರೆ."

ಅಣ್ಣನ ಮುಖ ವಿಭೂತಿಯ ಬಣ್ಣಕ್ಕೆ ತಿರುಗಿತು. "ಪ್ರಶಾಂತವಾಗೈತೆ, ಯಾರೂ ಮುಟ್ಟಲ್ಲ, ಇದಕ್ಕಿಂತ ಮಡಿ ಜಾಗ ಎಲ್ಲಿ ಸಿಕ್ತದೆ ಅಂದ್ಕೊಂಬುಟ್ಟೆ" ಎಂದ.

ಇನ್ನು ಆ ಪೆಟ್ಟಿಗೆಯ ಸಹವಾಸವೇ ಬೇಡ, ಮುಂಗಾಲು ಹೋದರೆ ಹೋಗಲಿ ಎಂದು ನಾನು ಅತ್ತುಬಿಟ್ಟೆ. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. "ನನಗೂ ಹಂಗೇ ಅನ್ನಿಸ್ತಿದೆ. ಅದಕ್ಕೇ ಇವತ್ತು ಏನೂ ತೀರ್ಮಾನ ಮಾಡಬಾರದು. ನಿನ್ನೆ ಆ ಚಿಕಿತ್ಸೇಲಿ ಇದ್ದ ಅರೆಬರೆ ಗುಣ ಇವತ್ತೂ ಅಷ್ಟೇ ಇದೆ. ಹೆಚ್ಚೂ ಆಗಿಲ್ಲ, ಕಡಿಮೇನೂ ಆಗಿಲ್ಲ. ಬೆಂಕಿ ಅಪಾಯ ಇದೆ ಅಂತ ಮೊದಲೇ ಗೊತ್ತಿತ್ತು. ಅದು ಎಲ್ಲಿಂದ ಬತ್ತದೆ ಅನ್ನೋದು ಇವತ್ತು ಗೊತ್ತಾಯ್ತು. ಕಾಲು ಅವರದು, ಅವರೇ ಹೇಳಲಿ."

ಇಂದಿಗೂ ನನ್ನನ್ನು ಬೆರಗುಗೊಳಿಸುವುದು ಈ ಮಾತು. ಅಂಥ ಗಳಿಗೆ ಕಳೆದ ದಿನವೇ ಒಬ್ಬರು ತಮ್ಮ ಭಯವನ್ನು ಬದಿಗಿಟ್ಟು ಅಳತೆಯನ್ನು ಅಳತೆಯಾಗಿಯೇ ನೋಡಬಲ್ಲರು ಎಂದು ನಾನು ತಿಳಿದಿರಲಿಲ್ಲ.

ಕೆಲವು ದಿನ ಬಿಟ್ಟು ಅಣ್ಣ, ಚಿಕಿತ್ಸೆ ಮುಂದುವರಿಸೋಣ ಎಂದು ಬಂದ. ನಮ್ಮ ಮನೆಯಲ್ಲೇ ಉಳಿದು, ಪೂಜೆ ಮುಗಿಸಿ, ತಿಂದು ಹೊರಟ. ಕೇಂದ್ರದಲ್ಲಿ ಹೊಸ ಕ್ರಮ ಬಂದಿತ್ತು. "ನಾವ್ಯಾರೂ ಮುಟ್ಟಲ್ಲ, ನೀವೇ ಗಂಟು ಬಿಚ್ಚಿ ತೋರಿಸಿ" ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಲಿಂಗ ಮಾತ್ರ ಹತ್ತಿಯ ವಸ್ತ್ರದಲ್ಲಿ ಒಳಗೆ ಹೋಗುತ್ತಿತ್ತು. ಅಣ್ಣ ಬಿಚ್ಚಿ ತೋರಿಸುವಾಗ ಡಾಕ್ಟರಮ್ಮ ತಮ್ಮ ಕೈಚೀಲವನ್ನೂ ಮೇಜಿನ ಮೇಲೆ ಬರಿದುಮಾಡುತ್ತಿದ್ದರು. "ಒಬ್ಬರನ್ನೇ ಯಾಕೆ ಬಿಚ್ಚಿಸೋದು" ಎನ್ನುತ್ತಿದ್ದರು.

ಹೀಗೆ ಬಹಳ ದಿನ ನಡೆಯಿತು. ಡ್ರೆಸಿಂಗ್, ಪಾದರಕ್ಷೆ, ಪಥ್ಯ ಯಾವುದೂ ನಿಲ್ಲಲಿಲ್ಲ. ನಿಂತ ನೀರಿನಂತಿದ್ದ ಗಾಯ ಅಂಚಿನಿಂದ ಒಳಗೆ ತಿಳಿಗೆಂಪಾಗಿ ಕೂಡಿಕೊಳ್ಳತೊಡಗಿತು. ಒಂದು ದಿನ ಮುಚ್ಚಿತು.

ಅಣ್ಣ ಡಾಕ್ಟರಮ್ಮನ ಮನೆಗೆ ಹೋಗಿ ನಿಂತು, ಗೆದ್ದವನ ಹಾಗೆ ಕೇಳಿದ: "ಈಗ ಹೇಳಿ ಡಾಕ್ಟರಮ್ಮ. ಪೆಟ್ಟಿಗೆಯಿಂದಾನೇ ತಾನೆ ವಾಸಿಯಾಗಿದ್ದು?"

"ಗೊತ್ತಿಲ್ಲ ಸಾವ್ಕಾರ್ರೆ."

"ಇನ್ನೂ ಗೊತ್ತಿಲ್ವಾ! ಕಾಲು ಕಣ್ಣೆದುರಿಗೇ ಐತಲ್ರೀ!"

"ಪೆಟ್ಟಿಗೆ ಇರಬಹುದು. ಪಾದರಕ್ಷೆ ಇರಬಹುದು. ನೀವು ಬಾಯಿ ಕಟ್ಟಿದ್ದಿರಬಹುದು. ಎಲ್ಲಾ ಸೇರಿರಬಹುದು. ಒಂದು ಕಾಲು ನೋಡಿ ನಾನು ಹೇಳೋಕಾಗಲ್ಲ."

"ಇನ್ನೊಂದು ಕಾಲು ನನ್ ಹತ್ರ ಐತೆ, ಅದಕ್ಕೂ ಗಾಯ ಮಾಡ್ಕೊಂಡು ಬರ್ಲಾ?" ಎಂದು ಅಣ್ಣ ರೇಗಿದ. ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಜಗಲಿಯ ಮೆಟ್ಟಿಲ ಮೇಲೆ ಕೂತು ಅವನ ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡರು. "ಅಯ್ಯಯ್ಯೋ, ಕಾಲು ಮುಟ್ಟಬೇಡಿ, ಬಿಡಿ ತಾಯಿ" ಎಂದು ಅಣ್ಣ ಒದ್ದಾಡಿದ. ಅವರು ಬಿಡಲಿಲ್ಲ. ಹೊಸ ಚರ್ಮದ ಮೇಲೆ ಹೆಬ್ಬೆರಳು ಆಡಿಸಿದರು.

"ನಡೀರಿ, ನೋಡನ."

ಅಣ್ಣ ಗೇಟಿನವರೆಗೆ ಹೋಗಿ ಬಂದ.

"ಇನ್ನೊಂದ್ ಸಲ."

ಮತ್ತೆ ಹೋಗಿ ಬಂದ. ನನಗೆ ಗಾಬರಿಯಾಯಿತು. "ಏನಾದ್ರೂ ತೊಂದರೆ ಕಾಣ್ತಿದೆಯಾ ಡಾಕ್ಟರಮ್ಮ?" ಎಂದು ಕೇಳಿದೆ.

"ಇಲ್ಲ."

"ಮತ್ಯಾಕೆ?"

ಅವರು ನನ್ನ ಕಡೆ ತಿರುಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ಹಾಕಿಕೊಂಡರು.

"ಚೆನ್ನಾಗಿದೆ ನೋಡೋಕೆ, ಅದಕ್ಕೆ" ಎಂದರು. "ಸಾವ್ಕಾರ್ರೆ, ಇನ್ನೊಂದ್ ಸಲ."